ಹೆರಿಗೆ ಮಾಡಿಸಲು ಸೂಲಗಿತ್ತಿಗೆ ಸರ್ಕಾರದ ಪರವಾನಗಿ ಬೇಕೆ?

ಪರ: ಕೈಗುಣ ನಂಬಿದರೆ ರಕ್ತ ನಿಲ್ಲದು

ಹೆರಿಗೆ ವಾರ್ಡಿನ ನರ್ಸ್ ನಾನು. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಸಲೀಸಾಗಿ ಆಗುವ ಹೆರಿಗೆಗೆ ಯಾರಿದ್ದರೂ ನಡೆದೀತು. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗದೆ ರಕ್ತ ಹರಿಯತೊಡಗಿದರೆ? ಆಗ ಕೂಡಲೇ ಗರ್ಭಕೋಶ ಬಿಗಿಗೊಳಿಸುವ ಮದ್ದು ಆಕ್ಸಿಟೋಸಿನ್ ಬೇಕು. ಅದನ್ನು ತಂಪಿನಲ್ಲಿಟ್ಟಿರಬೇಕು, ಚುಚ್ಚಲು ಬರಬೇಕು, ಹೋದ ರಕ್ತ 500 ಮಿಲಿ ದಾಟಿತೇ ಎಂದು ಅಂದಾಜಿಸಲು ಕಣ್ಣು ಪಳಗಿರಬೇಕು. ಲೈಸೆನ್ಸ್ ಇದ್ದ ಸೂಲಗಿತ್ತಿ ಈ ಮದ್ದನ್ನು ರಾಜಾರೋಷವಾಗಿ ಚೀಲದಲ್ಲಿಟ್ಟುಕೊಳ್ಳುತ್ತಾಳೆ. ಇಲ್ಲದವಳು ಕದ್ದು ತರಬೇಕು, ಇಲ್ಲವೇ ದೇವರ ಮೇಲೆ ಭಾರ ಹಾಕಬೇಕು.

ಒಂದು ರಾತ್ರಿ ಬಾಣಂತಿಯೊಬ್ಬಳನ್ನು ಹೊತ್ತು ತಂದರು. ಸುತ್ತಿದ್ದ ಹೊದಿಕೆ ಪೂರ್ತಿ ತೊಯ್ದಿತ್ತು. ಮಾಸು ಬಿತ್ತೇ, ಎಷ್ಟು ಹೊತ್ತಾಯಿತು ಎಂದರೆ ಗಂಡನಿಗೆ ಏನೊಂದೂ ಗೊತ್ತಿಲ್ಲ. ಹೆರಿಗೆ ಮಾಡಿಸಿದವಳು ಎಲ್ಲಿ? ಗೇಟಿನ ಹೊರಗೆ, ಪೊಲೀಸರ ಭಯಕ್ಕೆ ಒಳಗೆ ಬರಲೊಲ್ಲಳು. ಕೊನೆಗೆ ನಾನೇ ಓಡಿದೆ. "ಅರ್ಧ ಕಿತ್ತು ಬಂತಮ್ಮ, ಉಳಿದದ್ದು ಒಳಗೇ ಇದೆ" ಅಂದಳು. ಆ ಮಾತು ಮೊದಲೇ ಸಿಕ್ಕಬೇಕಿತ್ತು. ಬಾಣಂತಿ ಬದುಕಿದಳು, ಗರ್ಭಕೋಶ ಉಳಿಯಲಿಲ್ಲ.

"ಅಜ್ಜಿಯರ ಕಾಲದಲ್ಲಿ ಯಾವ ಲೈಸೆನ್ಸ್ ಇತ್ತು?" ಎಂದು ಕೇಳುವ ಜಾಣರಿದ್ದಾರೆ. ಆ ಕಾಲದಲ್ಲಿ ಸತ್ತ ಬಾಣಂತಿಯರು ಎದ್ದು ಬಂದು ಉತ್ತರ ಕೊಡಲಾರರಲ್ಲ! ಇಂಗ್ಲೆಂಡು 1902ರಲ್ಲೇ ಇದಕ್ಕೆ ಕಾಯ್ದೆ ತಂದಿತು. ಇಷ್ಟು ವರ್ಷವಾದ ಮೇಲೂ ನಾವು ಬೇಕೇ ಬೇಡವೇ ಎಂದು ಚರ್ಚಿಸುತ್ತಿದ್ದೇವೆ.

ವಿರೋಧ: ಸಹಿ ಹಾಕುವವರು ಯಾರು?

ವಿರೋಧದ ಪಾಲು ನನಗೆ ಬಂದಿದೆ. ತರಬೇತಿಯೇ ಬೇಡ ಎಂದು ನಾನೂ ಹೇಳಲಾರೆ. ಆದರೆ ಪ್ರಮಾಣಪತ್ರವಿದ್ದ ಮಾತ್ರಕ್ಕೆ ಜೀವ ಉಳಿಯುತ್ತದೆಯೇ? 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಬಾಣಂತಿ ಜ್ವರಕ್ಕೆ ಹೆಚ್ಚು ಜನ ಸತ್ತದ್ದು ವೈದ್ಯರ ವಿಭಾಗದಲ್ಲಿ, ಸೂಲಗಿತ್ತಿಯರದರಲ್ಲಿ ಅಲ್ಲ. ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು ಮಹಾನುಭಾವರು. 1847ರಲ್ಲಿ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ಕೈ ತೊಳೆಸಿದ ಮೇಲೆ ಸಾವು ಇಳಿಯಿತು.

ಇಂಗ್ಲೆಂಡಿನ ಆ ಕಾಯ್ದೆಯನ್ನೇ ನೋಡಿ. ಸೂಲಗಿತ್ತಿಯರನ್ನು ಆಳುವ ಮಂಡಳಿಯಲ್ಲಿ ಒಬ್ಬಳಾದರೂ ಸೂಲಗಿತ್ತಿ ಇರಲೇಬೇಕೆಂಬ ನಿಯಮ ಅದರಲ್ಲಿರಲಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೆಲಸ ಮಾಡಲು ವೈದ್ಯರ ಲಿಖಿತ ಒಪ್ಪಂದ ಬೇಕು. ವೈದ್ಯರು ಸಹಿ ಹಾಕದಿದ್ದರೆ ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು, ಅಷ್ಟೆ.

ರಕ್ತಸ್ರಾವದ ಮಾತೋ, ಅದಕ್ಕೆ ಆಂಬುಲೆನ್ಸ್ ಬೇಕು, ಅರ್ಜಿ ನಮೂನೆಯಲ್ಲ. ಶಿಕ್ಷೆಯ ಭಯ ಹುಟ್ಟಿಸಿದಷ್ಟೂ ಹೆರಿಗೆಗಳು ಕದ್ದುಮುಚ್ಚಿ ನಡೆಯುತ್ತವೆ. ಹೆಸರು ನೋಂದಾಯಿಸಿಕೊಳ್ಳಿ, ಕಲಿಸಿ, ಮದ್ದು ಕೊಡಿ, ಜೈಲಿನ ಕಲಮು ಮಾತ್ರ ಬೇಡ. ಇದಕ್ಕೆ ವಿರೋಧ ಎನ್ನುತ್ತಾರೋ ಇಲ್ಲವೋ, ಸಂಪಾದಕರೇ ತೀರ್ಮಾನಿಸಲಿ.