ಸತ್ಯಾಂಶ: ಹೆಚ್ಚು ದೂರ ಹಾರಿಸುವ ಫಿರಂಗಿಯೇ ಬೆಟ್ಟಕ್ಕೆ ಸರಿಯೇ?

‘40 ಕಿ.ಮೀ. ದೂರ ಹೊಡೆಯುವ ಫಿರಂಗಿ ನಮ್ಮಲ್ಲೇ ಇರುವಾಗ, ಕಡಿಮೆ ದೂರದ ಅಮೆರಿಕದ ಎಂ777 ಕೊಂಡಿದ್ದು ದಂಡ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು ಲೆಕ್ಕ.

ಬೆಟ್ಟದಲ್ಲಿ ಮೊದಲ ಪ್ರಶ್ನೆ ತೂಕದ್ದು. ಫಿರಂಗಿಯನ್ನು ಮೇಲೆ ಸಾಗಿಸಲು ಆಗಬೇಕಲ್ವಾ? ದೂರ ಹೊಡೆಯುವ, ನಮ್ಮ ದೇಶದಲ್ಲೇ ರೂಪಿಸಿದ ಎಟಿಎಜಿಎಸ್ ಒಳ್ಳೆಯ ಫಿರಂಗಿ, ಆದರೆ ಸುಮಾರು 18 ಟನ್ ಭಾರ. ಅದಕ್ಕೆ ಗಟ್ಟಿ ರಸ್ತೆ, ಸೇತುವೆ ಬೇಕು. ಹಗುರ ಲೋಹವಾದ ಟೈಟಾನಿಯಂ ಬಳಸಿದ ಎಂ777 ಬರೀ 4.2 ಟನ್ ಆಸುಪಾಸು. ಚಿನೂಕ್ ಹೆಲಿಕಾಪ್ಟರ್ ಅದನ್ನು ಕೆಳಗೆ ತೂಗುಹಾಕಿಕೊಂಡು, ರಸ್ತೆಯೇ ಇಲ್ಲದ ಜಾಗಕ್ಕೆ ಒಯ್ಯುತ್ತದೆ. ಭಾರತ 2016ರಲ್ಲಿ 145 ಎಂ777 ತರಿಸಲು ಒಪ್ಪಂದ ಮಾಡಿಕೊಂಡಿತು.

ಇನ್ನೊಂದು ವಿಷಯ ಗುಂಡು ಹೋಗುವ ದಾರಿ. ಶತ್ರು ಗುಡ್ಡದ ಆಚೆ ಇಳಿಜಾರಿನಲ್ಲಿ ಅಡಗಿದ್ದರೆ, ನೇರ ಹೊಡೆತ ಈಚೆ ಬಂಡೆಗೇ ಬಡಿಯುತ್ತದೆ. ನಳಿಗೆಯನ್ನು 45 ಡಿಗ್ರಿಗಿಂತ ಜಾಸ್ತಿ ಎತ್ತಿ ಹೊಡೆದರೆ ಗುಂಡು ಶಿಖರ ದಾಟಿ ಆಚೆ ಬೀಳುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಸ್ವೀಡನ್‌ನ ಬೊಫೋರ್ಸ್ ಫಿರಂಗಿ ಅಷ್ಟು ನೆರವಾಗಲು ಇದೂ ಒಂದು ಕಾರಣ. ಆಗ ಚಿಕ್ಕ 105 ಎಂ.ಎಂ. ಫಿರಂಗಿಗಳೂ, ಗುಂಡನ್ನು ಎತ್ತರಕ್ಕೆ ಚಿಮ್ಮಿಸುವ ಮಾರ್ಟರ್‌ಗಳೂ ದುಡಿದವು. ಅವನ್ನು ಮರೆಯುವುದು ಅನ್ಯಾಯ.

ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಅದೇ ಗುಂಡು ತಗ್ಗು ಪ್ರದೇಶಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಹೀಗಾಗಿ ಗುರಿಯ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಸುಮ್ನೆ ಕಿಲೋಮೀಟರ್ ಹೋಲಿಸಿ ಫಿರಂಗಿ ಆರಿಸಲು ಆಗುವುದಿಲ್ಲ. ಬಯಲಿಗೆ ಭಾರದ್ದು, ಕಡಿದಾದ ಎತ್ತರಕ್ಕೆ ಹಗುರದ್ದು: ಸೇನೆಗೆ ಎರಡೂ ಬೇಕು.