ನಮ್ಮನೆ ಶೋಕೇಸ್ ಯಾರಿಗೇನ್ ಮಾಡಿದೆ?

ಮನೆಗೆ ಪೇಂಟ್ ಮಾಡಿಸೋಣ ಅಂತ ಶುರುವಾಗಿದ್ದು ಈಗ ನನ್ನ ಶೋಕೇಸ್ ತನಕ ಬಂದು ನಿಂತಿದೆ. ಇಂಟೀರಿಯರ್‌ನವ್ರು ಬಂದವ್ರೇ ಹಾಲ್ ಪೂರ್ತಿ ಬಿಳಿ ಇರ್ಲಿ ಮೇಡಂ, ಮಿನಿಮಲ್ ಆಗಿ ಚೆನ್ನಾಗಿರತ್ತೆ, ಈ ಗೊಂಬೆಗಳನ್ನೆಲ್ಲ ತೆಗೆದ್ಬಿಡಿ ಅಂದ್ರು, ನಮ್ಮ ಯಜಮಾನ್ರೂ ಹೂಂ ಹೂಂ ಅಂತ ತಲೆ ಆಡಿಸಿದ್ರು, ನಂಗೆ ಹೊಟ್ಟೆ ಉರಿದೋಯ್ತು.

ಅಲ್ರೀ, ಅದರಲ್ಲಿರೋ ಚನ್ನಪಟ್ಟಣದ ಕುದುರೆ ನಮ್ಮಪ್ಪ ತಂದ್ಕೊಟ್ಟಿದ್ದು. ಹಾಲೆ ಮರದ್ದು, ಕಿವಿ ಹತ್ರ ನಾನು ಚಿಕ್ಕವಳಿದ್ದಾಗ ಕಚ್ಚಿದ ಹಲ್ಲಿನ ಗುರುತು ಇನ್ನೂ ಇದೆ, ಆದ್ರೆ ಬಣ್ಣ ಮಾತ್ರ ಒಂಚೂರೂ ಮಾಸಿಲ್ಲ. ಲೇತ್ ಮೆಷಿನ್‌ನಲ್ಲಿ ಮರ ತಿರುಗ್ತಿರೋವಾಗ್ಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಆ ಉಜ್ಜಾಟದ ಬಿಸಿಗೆ ಅರಗು ಕರಗಿ ಮೆತ್ಕೊಳತ್ತೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಉಜ್ಜಿ ಹೊಳಪು ತರ್ತಾರೆ. ಅಷ್ಟು ಕೈಕೆಲಸ ಇರೋದನ್ನ ಕಸದ ಥರ ನೋಡ್ತಾರಲ್ಲ!

ಬಿಳಿ ಗೋಡೆ ಇಷ್ಟ ಇದ್ರೆ ಬೆಡ್‌ರೂಮಲ್ಲಿ ಮಾಡಿಸ್ಕೊಳ್ಳಲಿ, ನಂದೇನೂ ತಕರಾರಿಲ್ಲ. ದಸರಾಗೆ ಪಟ್ಟದ ಗೊಂಬೆ ಎಲ್ಲಿ ಕೂರಿಸ್ಲಿ ಅಂದ್ರೆ, ಮಂಚದ ಕೆಳಗಿಟ್ಟಿರು, 9 ದಿನ ಹೊರಗೆ ತೆಗೆದ್ರೆ ಸಾಕು ಅಂತಾರೆ ಯಜಮಾನ್ರು. ಅಮ್ಮ ಕೊಟ್ಟ ರಾಜಾ ರಾಣಿನ ನಾನು ಮಂಚದ ಕೆಳಗೆ ತಳ್ಳಲ್ಲ.