ಮೊದಲನೇ ಆಪ್ಷನ್

ಜುಲೈ ಬಂತೆಂದರೆ ಪುಣೆಯ ನಮ್ಮ ಕನ್ನಡ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಎರಡೇ ವಿಷಯ. ಖಡಕವಾಸಲಾ ಡ್ಯಾಮು ಎಷ್ಟು ತುಂಬಿತು, ಯಾರ ಮಕ್ಕಳಿಗೆ ಯಾವ ಕಾಲೇಜು ಸಿಕ್ಕಿತು. ಮೊದಲನೆಯದಕ್ಕೆ ನೀರಾವರಿ ಇಲಾಖೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಗುಂಪಿನಲ್ಲಿರುವ ಎಲ್ಲರೂ ಕೊಡುತ್ತಾರೆ, ಕೇಳದಿದ್ದರೂ. ಹೋದ ವರ್ಷ ನಾನು ಕೇಳಿದೆ. ಆ ಕಥೆಯನ್ನು ಈ ವರ್ಷ ಎಂಜಿನಿಯರಿಂಗ್ ಸೀಟಿನ ಫಾರ್ಮ್ ತುಂಬುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಉದ್ದ ಇದೆ, ಚಹಾ ಇಟ್ಟುಕೊಂಡು ಕೂಡ್ರಿ.

ಮಗಳಿಗೆ ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ, 2025ರ ಎಂಎಚ್‌ಟಿ-ಸಿಇಟಿಯಲ್ಲಿ 98ರ ಮೇಲೆ ಚಿಲ್ಲರೆ ಪರ್ಸೆಂಟೈಲ್ ಬಂತು. ಧಾರವಾಡದಲ್ಲಿ ನಮ್ಮವ್ವ ಅದನ್ನು ನೂರಕ್ಕೆ 98 ಅಂತ ತಿಳಿದು ಓಣಿಗೆಲ್ಲ ಪೇಡೆ ಹಂಚಿದಳು. ನಾನು ತಿದ್ದಲು ಹೋಗಲಿಲ್ಲ. ಆದರೆ ಲೆಕ್ಕ ಬೇರೆಯೇ ಇದೆ, ಪರ್ಸೆಂಟೈಲ್ ಅಂದರೆ ಅಂಕವಲ್ಲ, ನೂರು ಮಂದಿಯಲ್ಲಿ ಎಷ್ಟು ಮಂದಿ ನಿಮ್ಮ ಹಿಂದೆ ಅನ್ನುವುದು. ಆ ವರ್ಷ ಪಿಸಿಎಂ (ಭೌತ, ರಸಾಯನ, ಗಣಿತ) ಪರೀಕ್ಷೆಗೆ ಕೂತವರು 4 ಲಕ್ಷಕ್ಕೂ ಹೆಚ್ಚು. ಅಂದರೆ ಒಂದೊಂದು ಪರ್ಸೆಂಟೈಲಿನಲ್ಲೂ 4 ಸಾವಿರ ಚಿಲ್ಲರೆ ಮಕ್ಕಳು ನಿಂತಿರುತ್ತಾರೆ. 98 ಅಂದರೆ ನಿಮ್ಮ ಮುಂದೆ 8 ಸಾವಿರಕ್ಕಿಂತ ಹೆಚ್ಚು ತಲೆ. ದಶಮಾಂಶದ ಮುಂದೆ ಏಳು ಅಂಕಿ ಕೊಡುತ್ತಾರಲ್ಲ, ಅದನ್ನು ಮೊದಲ ಸಲ ನೋಡಿದಾಗ ನಗು ಬಂದಿತ್ತು. ಕಟ್‌ಆಫ್ ಪಟ್ಟಿ ಕೈಯಲ್ಲಿ ಹಿಡಿದು ಕೂತಾಗ ನಗು ಹೋಯಿತು.

ಆ ಪಟ್ಟಿಯನ್ನು ಓದುವುದೇ ಒಂದು ವಿದ್ಯೆ. ಜಿಓಪನ್‌ಎಚ್, ಜಿಓಪನ್‌ಓ, ಎಲ್‌ಓಪನ್‌ಎಸ್ ಅಂತ ಸಾಲುಸಾಲು ಸಂಕೇತ. ಮೊದಲಕ್ಷರ ಜಿ ಇದ್ದರೆ ಎಲ್ಲರಿಗೂ, ಎಲ್ ಇದ್ದರೆ ಹೆಣ್ಣುಮಕ್ಕಳಿಗೆ. ಕೊನೆಯಕ್ಷರ ಎಚ್ ಅಂದರೆ ಹೋಮ್ ಯೂನಿವರ್ಸಿಟಿ, ಓ ಅಂದರೆ ಬೇರೆ ಯೂನಿವರ್ಸಿಟಿಯವರು, ಎಸ್ ಅಂದರೆ ಇಡೀ ರಾಜ್ಯಕ್ಕೆ ಒಂದೇ ಸಾಲು. ನೀವು ಹನ್ನೆರಡನೇ ತರಗತಿ ಪಾಸಾದ ಊರು ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆಯೋ ಅದು ನಿಮ್ಮ ಹೋಮ್. ಎಚ್, ಓ ಸಾಲುಗಳಿರುವ ಕಾಲೇಜುಗಳಲ್ಲಿ ನೂರರಲ್ಲಿ 70 ಸೀಟು ಮನೆಯವರಿಗೆ, 30 ಹೊರಗಿನವರಿಗೆ. ಪುಣೆ ವಿವಿಗೆ ಪುಣೆ, ನಾಸಿಕ, ಅಹಿಲ್ಯಾನಗರ ಮೂರು ಜಿಲ್ಲೆ. ಸೊಲ್ಲಾಪುರಕ್ಕೆ ಅದರದ್ದೇ ವಿವಿ. ನಮ್ಮಾಕಿಯ ತಂಗಿ ಅಕ್ಕಲಕೋಟೆಯಲ್ಲಿ ಇರುವುದು. ಅವಳ ಮಗನೂ ನನ್ನ ಮಗಳೂ ಒಂದೇ ಪರ್ಸೆಂಟೈಲ್ ತಂದರೂ ಪುಣೆಯ ಅದೇ ಕಾಲೇಜಿನ ಬಾಗಿಲು ಇಬ್ಬರಿಗೂ ಒಂದೇ ಅಗಲ ತೆರೆಯುವುದಿಲ್ಲ. ಇದು ನನಗೆ ಗೊತ್ತಾಗಿದ್ದೇ ಹೋದ ವರ್ಷ. 22 ವರ್ಷದಿಂದ ಈ ಊರಲ್ಲಿ ನೀರು ಕುಡಿಯುತ್ತಿದ್ದೇನೆ!

ಇನ್ನು ಕರ್ನಾಟಕದ ಕಡೆ. ಧಾರವಾಡದ ತಮ್ಮ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. "ಅಣ್ಣಾ, ಅಲ್ಲ್ಯಾಕ ಒದ್ದಾಡ್ತಿ, ಹುಡುಗೀನ ನಮ್ಮ ಕಡೆ ಕಳಸು. ವಿಟಿಯು ಅಂದ್ರ ವಿಶ್ವೇಶ್ವರಯ್ಯನವರ ಹೆಸರಿನ ಯೂನಿವರ್ಸಿಟಿ. ನಮ್ಮದು." ಅವನಿಗೆ ಸೀಟಿನ ಕಾನೂನು ಗೊತ್ತಿರಲಿಲ್ಲ. ಕೆಸಿಇಟಿಯ ಸರ್ಕಾರಿ ಸೀಟು ಬೇಕೆಂದರೆ ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ನನ್ನ ಮಗಳು ಬಾಲವಾಡಿಯಿಂದ ಹನ್ನೆರಡನೇ ತರಗತಿವರೆಗೆ ಸಿಂಹಗಡ ರಸ್ತೆ ಬಿಟ್ಟು ಕದಲಿಲ್ಲ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮುಗಳಿವೆ, ಅದಕ್ಕೆ ಕನ್ನಡ ಪರೀಕ್ಷೆ ಬರೆಯಬೇಕು. ಮಗಳು ಮನೆಯಲ್ಲಿ ಚೊಕ್ಕ ಧಾರವಾಡ ಕನ್ನಡ ಆಡುತ್ತಾಳೆ, ಆದರೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಒತ್ತಕ್ಷರ ಕಂಡರೆ ಬೆವರುತ್ತಾಳೆ. "ಅಪ್ಪಾ, ಗಣಿತದಾಗ ಫೇಲ್ ಆದ್ರ ನನ್ನ ಮರ್ಯಾದಿ ಹೋಗ್ತದ. ಕನ್ನಡದಾಗ ಆದ್ರ ನಿಮ್ಮದು," ಅಂದಳು. ಆ ವಿಷಯ ಅಲ್ಲಿಗೇ ಮುಗಿಯಿತು. ಕರ್ನಾಟಕದ ಖಾಸಗಿ ಕಾಲೇಜುಗಳ ಪರೀಕ್ಷೆಯಾದ ಕಾಮೆಡ್‌ಕೆ ಬರೆದಿದ್ದಳು, ರ‍್ಯಾಂಕೂ ಕೆಟ್ಟದ್ದಿರಲಿಲ್ಲ. ಆದರೆ ಇಲ್ಲಿ ಡೊಮಿಸೈಲ್ ಇಟ್ಟುಕೊಂಡು ಬೆಂಗಳೂರಿಗೆ ಆ ಫೀಸು, ಮೇಲೆ ಪಿಜಿ ಬಾಡಿಗೆ ಕಟ್ಟುವುದು ತಾಯ್ನಾಡಿನ ಮೇಲಿನ ಪ್ರೀತಿಗೆ ಕೊಡುವ ಬಡ್ಡಿ. ಪ್ರೀತಿ ಇದೆ, ಬಡ್ಡಿ ಕಟ್ಟುವ ತಾಕತ್ತಿಲ್ಲ.

ತಮ್ಮನಿಗೆ ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಮಾತು ಹೇಳಿದೆ. ಅವರು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದಾಗ ಮೈಸೂರು ರಾಜ್ಯದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಮೈಸೂರು ಸರ್ಕಾರದ ನೆರವು ಪಡೆದು ಬಂದದ್ದು ಪುಣೆಗೆ, ಇದೇ ಶಿವಾಜಿನಗರದ, ಈಗ ಸಿಓಇಪಿ ಅನ್ನುವ ಎಂಜಿನಿಯರಿಂಗ್ ಕಾಲೇಜಿಗೆ. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾಗಿ, ಮರುವರ್ಷ ಮುಂಬೈ ಪ್ರಾಂತ್ಯದ ಪಿಡಬ್ಲ್ಯೂಡಿ ಕೆಲಸಕ್ಕೆ ನಾಸಿಕಕ್ಕೆ ಹೋದರು. ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂಡಿಸಿದ್ದು ನಮ್ಮ ನಲ್ಲಿಗೆ ನೀರು ಬರುವ ಖಡಕವಾಸಲಾದಲ್ಲಿ. ಬೆಂಗಳೂರಿನ ಕಾಲೇಜು, ಈಗಿನ ಯುವಿಸಿಇ, ಶುರುವಾಗಿದ್ದು 1917ರಲ್ಲಿ, ಅವರೇ ದಿವಾನರಾಗಿದ್ದಾಗ. "ನಿಮ್ಮ ವಿಶ್ವೇಶ್ವರಯ್ಯನವರು ನಮ್ಮ ಪುಣೆ ಪ್ರಾಡಕ್ಟೋ," ಅಂದೆ. ತಮ್ಮ ಫೋನಿಟ್ಟ.

ಯೂನಿವರ್ಸಿಟಿ ಹೆಸರಿನ ಮೋಹ ನನಗೆ ಇಲ್ಲದಿರುವುದಕ್ಕೆ ಇನ್ನೊಂದು ಕಾರಣ ನನ್ನದೇ ಸರ್ಟಿಫಿಕೇಟು. ನಾನು ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದು 1998ರಲ್ಲಿ. ನಮ್ಮ ಸೀನಿಯರ್‌ಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು, ನಾವು ಆಗಷ್ಟೇ ಹುಟ್ಟಿದ್ದ ವಿಟಿಯುದ ಮೊದಲ ಬ್ಯಾಚು. ಅವರ ನೋಟ್ಸು ನಮಗೆ ಪೂರ್ತಿ ಕೂಡುತ್ತಿರಲಿಲ್ಲ, ಹಳೇ ಪ್ರಶ್ನೆಪತ್ರಿಕೆ ಕೇಳುವಂತೆಯೇ ಇರಲಿಲ್ಲ. ಈಗ ಅದೇ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಕಾಲೇಜೇ ಯೂನಿವರ್ಸಿಟಿ. ಸಿಓಇಪಿಯದ್ದೂ ಅದೇ ಕಥೆ. 1854ರಲ್ಲಿ ಶುರು, ಮೊದಲು ಮುಂಬೈ ವಿವಿ, ಆಮೇಲೆ ಪುಣೆ ವಿವಿ, 2003ರಲ್ಲಿ ಸ್ವಾಯತ್ತ, 2022ರಲ್ಲಿ ತಾನೇ ರಾಜ್ಯ ವಿಶ್ವವಿದ್ಯಾಲಯ. ಬೋರ್ಡು ಎಷ್ಟು ಸಲ ಬದಲಾದರೂ ಸಂಗಮದ ದಂಡೆಯ ಕಲ್ಲಿನ ಕಟ್ಟಡ ಅದೇ. ಆದ್ದರಿಂದ "ಯಾವ ಯೂನಿವರ್ಸಿಟಿ" ಎನ್ನುವುದಕ್ಕಿಂತ ಪ್ರಶ್ನೆಪತ್ರಿಕೆ ಯಾರು ತೆಗೆಯುತ್ತಾರೆ ಎಂದು ಕೇಳಿ. ಸಂಯೋಜಿತ ಕಾಲೇಜಾದರೆ ಮೂರು ಜಿಲ್ಲೆಗೂ ಒಂದೇ ಪತ್ರಿಕೆ, ಸಿಲೆಬಸ್ ಬದಲಾಗುವುದು ಆಮೆಯ ಹಾಗೆ. ಸ್ವಾಯತ್ತವಾದರೆ ಪಾಠ ಮಾಡಿದವರೇ ಪತ್ರಿಕೆ ತೆಗೆಯುತ್ತಾರೆ. ಒಳ್ಳೆಯ ಮೇಷ್ಟ್ರಿದ್ದರೆ ಅದು ವರ, ಇಲ್ಲದಿದ್ದರೆ ಎಲ್ಲರಿಗೂ ಒಂಬತ್ತರ ಮೇಲೆ ಸಿಜಿಪಿಎ. ಇದನ್ನು ಯಾವ ವೆಬ್‌ಸೈಟೂ ಹೇಳುವುದಿಲ್ಲ. ವಾರದ ದಿನ ಮಧ್ಯಾಹ್ನ ಹೋಗಿ ಕ್ಯಾಂಟೀನಿನಲ್ಲಿ ಕೂತು ಮೂರನೇ ವರ್ಷದವರನ್ನು ಕೇಳಬೇಕು.

ನಾವು ಹೋದೆವು, ಅದೊಂದು ಕೆಲಸ ಸರಿ ಮಾಡಿದೆ. ಸ್ವಾರಗೇಟಿನಿಂದ ಮೆಟ್ರೋ ಹಿಡಿದು ಶಿವಾಜಿನಗರದಲ್ಲಿ ಇಳಿದು ಅಪ್ಪ ಮಗಳು ಸಿಓಇಪಿ ಸುತ್ತಿದೆವು. ಅವಳಿಗೆ ಬೇಕಾಗಿದ್ದು ಕಂಪ್ಯೂಟರ್ ಅಲ್ಲ, ಮೆಟಲರ್ಜಿ, ಅಂದರೆ ಲೋಹಶಾಸ್ತ್ರ. ಆ ತಪ್ಪು ನನ್ನದೇ. ನಾನು ಚಾಕಣದ ಒಂದು ಫೋರ್ಜಿಂಗ್ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುವವ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಕಂಪನಿಯ ಫ್ಯಾಮಿಲಿ ಡೇಗೆ ಕರೆದುಕೊಂಡು ಹೋಗಿದ್ದೆ. ಎಲ್ಲರ ಮಕ್ಕಳೂ ಜಾದೂಗಾರನ ಮುಂದೆ ಕೂತಿದ್ದರೆ ಇವಳು ಲ್ಯಾಬಿನಲ್ಲಿ. ಉಕ್ಕಿನ ತುಂಡನ್ನು ಕನ್ನಡಿಯ ಹಾಗೆ ಉಜ್ಜಿ, ಆಸಿಡ್ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ನೋಡಿ ಬಂದು ಅಂದಳು, "ಅಪ್ಪಾ, ಒಳಗ ಹೊಲ ಅದಾವ. ಬದು ಸುದ್ದಾ ಕಾಣಸ್ತಾವ." ಹತ್ತೊಂಬತ್ತು ವರ್ಷ ಅದೇ ನೋಡಿದ್ದೆ. ನನಗೆ ಗ್ರೇನ್ ಬೌಂಡರಿ, ಅಂದರೆ ಲೋಹದ ಕಣಗಳ ನಡುವಿನ ಗೆರೆ, ಕಾಣುತ್ತಿತ್ತು, ಬದು ಎಂದೂ ಕಂಡಿರಲಿಲ್ಲ.

ಆದರೂ ನಾನು ಅಡ್ಡ ಬಂದೆ. ಕ್ರಾಂಕ್‌ಶಾಫ್ಟ್ ಬಿರುಕು ಬಿಟ್ಟ ದಿನ ಇಡೀ ಪ್ಲಾಂಟು ಮೆಟಲರ್ಜಿಸ್ಟ್ ಮುಖ ನೋಡುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಉಳಿದ ದಿನ ಅವನ ಸಂಬಳ ಎಷ್ಟು ಅನ್ನುವುದೂ ನನಗೆ ಗೊತ್ತು. ನಮ್ಮ ಸೊಸೈಟಿಯಲ್ಲಿ ಹಿಂಜವಡಿಯ ಐಟಿ ಕಂಪನಿಗಳಿಗೆ ಹೋಗುವ ಹುಡುಗರ ಕಾರು ನಾನು ದಿನಾ ನೋಡುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಉತ್ತರ ಒಕ್ಕೊರಲು: "ಕಂಪ್ಯೂಟರ್ ಸಿಗ್ತಿದ್ರೆ ಯೋಚನೆ ಯಾಕೆ ಸಾರ್, ಗ್ಯಾರಂಟಿ ಸಿಗೋದನ್ನ ಮೇಲೆ ಹಾಕಿ."

ಈ "ಗ್ಯಾರಂಟಿ ಸಿಗೋದನ್ನ ಮೇಲೆ ಹಾಕಿ" ಅನ್ನುವ ಮಾತಿನ ಮೇಲೆಯೇ ನನ್ನ ಸಿಟ್ಟು. ಕ್ಯಾಪ್, ಅಂದರೆ ಇಲ್ಲಿನ ಕೇಂದ್ರೀಕೃತ ಸೀಟು ಹಂಚಿಕೆಯ ಫಾರ್ಮಿನಲ್ಲಿ 300 ಆಪ್ಷನ್‌ವರೆಗೆ ತುಂಬಬಹುದು. ಅಲ್ಲಿನ ಯಂತ್ರ ಮಾಡುವುದು ಇಷ್ಟೇ. ಮೆರಿಟ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ಓದುತ್ತದೆ, ನಿಮ್ಮ ಸರದಿಗೆ ಯಾವುದು ಮೊದಲು ಖಾಲಿ ಕಾಣುತ್ತದೋ ಅದನ್ನು ಕೊಡುತ್ತದೆ. ಸಿಗದಿರುವುದನ್ನು ಮೇಲೆ ಬರೆದಿದ್ದಕ್ಕೆ ದಂಡವಿಲ್ಲ. ಮದುವೆ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಕೇಳಿದವನಿಗೆ ಅನ್ನ ಬಡಿಸದೆ ಎಬ್ಬಿಸುತ್ತಾರೆಯೇ? ಆಸೆಯದ್ದು ಮೇಲೆ, ಗ್ಯಾರಂಟಿ ಕೆಳಗೆ. ಕೆಳಗಿದ್ದರೂ ಗ್ಯಾರಂಟಿ ಗ್ಯಾರಂಟಿಯೇ. ಇಷ್ಟು ಸರಳ ಲೆಕ್ಕ ಎಂಜಿನಿಯರಾದ ನನಗೆ ಆ ರಾತ್ರಿ ತಲೆಗೆ ಹೋಗಲಿಲ್ಲ. ಹೋಗಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಹೋಗಿತ್ತು. ಮೆಟಲರ್ಜಿ ಮೇಲಿಟ್ಟರೆ ಎಲ್ಲಿ ಸಿಕ್ಕೇಬಿಡುತ್ತದೋ ಅಂತ ಹೆದರಿದ್ದೆ.

2025ರ ನಿಯಮ ಈ ಹೆದರಿಕೆಗೆ ಬೆಲೆ ಹೆಚ್ಚಿಸಿತ್ತು. ಆ ವರ್ಷ ಸೀಟು ಹಂಚಿಕೆ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಮೊದಲನೇ ಆಪ್ಷನ್ ಸಿಕ್ಕರೆ ಆಟೋಫ್ರೀಜ್. ಎರಡನೇ ಸುತ್ತಿನಲ್ಲಿ ಮೊದಲ ಮೂರರಲ್ಲಿ ಒಂದು, ಮೂರನೆಯದರಲ್ಲಿ ಮೊದಲ ಆರರಲ್ಲಿ ಒಂದು ಸಿಕ್ಕರೂ ಹಾಗೆಯೇ. ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು, ಮುಂದಿನ ಸುತ್ತಿನ ಬೆಟರ್‌ಮೆಂಟಿಗೆ ಕಾಯುವಂತಿಲ್ಲ. ಸೀಟು ಹಿಡಿದಿಟ್ಟುಕೊಂಡು ಕೊನೆಗೆ ಬಿಡುವವರನ್ನು ತಡೆಯುವ ಏರ್ಪಾಡು, ನನ್ನ ಮಟ್ಟಿಗೆ ಒಳ್ಳೆಯದೇ. ಆದರೆ ಮೊದಲನೇ ಸಾಲಿನಲ್ಲಿ ಸುಳ್ಳು ಬರೆದವರನ್ನು ಅದು ಬಿಡುವುದಿಲ್ಲ.

ಕೊನೆಯ ದಿನದ ರಾತ್ರಿ. ಮಗಳು ಪಟ್ಟಿ ತುಂಬಿ ಮುಗಿಸಿದ್ದಳು, ಮೆಟಲರ್ಜಿ ಮೇಲೆ. ನಮ್ಮಾಕಿ, "ಓದಾಕಿ ಆಕಿ, ಬಿಡ್ರಿ," ಅಂತ ಅಂದೇ ಮಲಗಲು ಹೋದಳು. ನಾನು ಮಗಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಒಂದೂವರೆ ತಾಸು ಮಾತಾಡಿದೆ. ಜೋರು ಮಾಡಲಿಲ್ಲ, ಅದೇ ನನ್ನ ಜಾಣತನ ಅಂದುಕೊಂಡೆ. ಪ್ಲೇಸ್‌ಮೆಂಟ್, ಪ್ಯಾಕೇಜ್, ಹೆಣ್ಣುಮಗಳು ಭಟ್ಟಿಯ ಮುಂದೆ ಪಾಳಿ ಮಾಡುವುದು, ಎಲ್ಲ ಹೇಳಿದೆ. ಕೊನೆಗೆ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ನೀವೇ ಹಾಕ್ರಿ," ಅಂದಳು. ಹಾಕಿದೆ. ಮೊದಲನೇ ಆಪ್ಷನ್: ಪುಣೆಯದೇ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್. ಮೆಟಲರ್ಜಿ ಎರಡನೆಯದಕ್ಕೆ ಇಳಿಯಿತು. ಒಂದೇ ಮೆಟ್ಟಿಲು ತಾನೇ ಅಂದುಕೊಂಡೆ.

ಮೊದಲ ಸುತ್ತಿನಲ್ಲೇ ಸಿಕ್ಕಿತು. ಗುಂಪಿನಲ್ಲಿ ಹೂಗುಚ್ಛ, ಚಪ್ಪಾಳೆ, ಲಾಡುವಿನ ಚಿತ್ರ. ಅವ್ವ ಮತ್ತೆ ಪೇಡೆ ತರಿಸಿದಳು. ಮಗಳು ತಾನೂ ಒಂದು ಪೇಡೆ ತಿಂದು ಡಾಕ್ಯುಮೆಂಟ್ ಫೈಲ್ ಜೋಡಿಸಿದಳು. ಕೆಲವು ದಿನಗಳ ನಂತರ ಕಟ್‌ಆಫ್ ಪಟ್ಟಿ ತೆಗೆದು ನೋಡಿದೆ, ಅವಳಿಗೆ ಕಾಣದ ಹಾಗೆ ಆಫೀಸಿನಲ್ಲಿ. ಅವಳ ಮೆಟಲರ್ಜಿ ಸೀಟು ಅವಳಿಗಿಂತ ಕಡಿಮೆ ಪರ್ಸೆಂಟೈಲಿನವರಿಗೂ ದಕ್ಕಿತ್ತು.

ಅವಳಿಗೆ ಗೊತ್ತಿತ್ತು. ಡಿಸೆಂಬರಿನಲ್ಲಿ ಯಾವುದೋ ಮಾತಿಗೆ ಮಾತು ಬಂದಾಗ ಮೆಟಲರ್ಜಿಯ ಆ ಕೊನೆಯ ಪರ್ಸೆಂಟೈಲನ್ನು ಏಳೂ ದಶಮಾಂಶದ ಸಮೇತ ಬಾಯಿಪಾಠ ಹೇಳಿದಳು.

ಈಗ ಅವಳು ಎರಡನೇ ವರ್ಷ. ಓದುತ್ತಿದ್ದಾಳೆ, ಅಂಕ ಚೆನ್ನಾಗಿವೆ, ಗೆಳತಿಯರಿದ್ದಾರೆ. ಅದೇನು ಹಾಳಾದ ಬದುಕಲ್ಲ, ಹಾಗೆ ನಾಟಕ ಮಾಡುವುದೂ ನನಗಿಷ್ಟವಿಲ್ಲ. ಕಂಪ್ಯೂಟರ್ ಓದಿದವರು ಉಕ್ಕಿನ ಕೆಲಸಕ್ಕೂ ಬರುತ್ತಾರೆ ಅಂತ ನಾನು ಹೇಳಿದಾಗ ನಗುತ್ತಾಳೆ. ಆ ನಗು ಮಾತ್ರ ನನಗೆ ಸರಿ ಬರುವುದಿಲ್ಲ. ಬೇಕಾದರೆ ಅವಳೇ ತಪ್ಪು ಮಾಡಬಹುದಿತ್ತು, ಹದಿನೆಂಟು ವರ್ಷಕ್ಕೆ ಅಷ್ಟು ಹಕ್ಕಿರುತ್ತದೆ. ನಮ್ಮಪ್ಪನೂ 1998ರಲ್ಲಿ ಕೌನ್ಸೆಲಿಂಗ್‌ಗೆಂದು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ನನ್ನ ಸರದಿ ಬಂದಾಗ ನನಗಿಂತ ಮೊದಲು ತಾನೇ "ಮೆಕ್ಯಾನಿಕಲ್, ಹುಬ್ಬಳ್ಳಿ" ಅಂದಿದ್ದ. ನಾನು ಹಾಗೆ ಮಾಡುವವನಲ್ಲ ಅಂತ ಇಪ್ಪತ್ತೇಳು ವರ್ಷ ಅಂದುಕೊಂಡಿದ್ದೆ. ಅಪ್ಪ ಒಂದು ನಿಮಿಷದಲ್ಲಿ ಮುಗಿಸಿದ್ದಕ್ಕೆ ನಾನು ಒಂದೂವರೆ ತಾಸು ತೆಗೆದುಕೊಂಡೆ, ಅಷ್ಟೇ ಫರಕು.

ಮೊನ್ನೆ ಧಾರವಾಡದಿಂದ ಫೋನ್. ತಮ್ಮನ ಮಗನದು ಈ ವರ್ಷ ಕೆಸಿಇಟಿ ಆಪ್ಷನ್ ಎಂಟ್ರಿ. ಅಲ್ಲಿನ ಲೆಕ್ಕ ಬೇರೆ, ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಸೀಟು ಬಂದ ಮೇಲೂ ಚಾಯ್ಸ್ 1, 2, 3, 4 ಅಂತ ಉಂಟು. ಒಪ್ಪಿಕೊಂಡು ಸೇರಬಹುದು, ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯಬಹುದು, ಬೇಡವೆಂದು ಮುಂದೆ ಹೋಗಬಹುದು, ಇಲ್ಲವೇ ಎದ್ದು ನಡೆಯಬಹುದು. ಹೋದ ವರ್ಷ ನನಗೆ ಆ ಎರಡನೇ ಚಾಯ್ಸ್ ಇದ್ದಿದ್ದರೆ ಅಂತ ಒಂದು ಗಳಿಗೆ ಅನ್ನಿಸಿತು.

"ಅಣ್ಣಾ, ಯಾವ್ದು ಮದ್ಲ ಹಾಕ್ಲಿ ಹೇಳು," ಅಂದ ತಮ್ಮ.

"ನೀ ಹಾಕಬ್ಯಾಡ. ಹುಡುಗನ ಕೈಯಾಗ ಫೋನ್ ಕೊಡು."

ಕೊಟ್ಟ. "ಏನ್ ಓದಬೇಕಂತ ಅದಪಾ ನಿನಗ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಹುಡುಗ ಅಂದ:

"ದೊಡ್ಡಪ್ಪಾ, ಆಮ್ಯಾಲೆ ಮಾಡ್ತೇನ್ರಿ. ಅಪ್ಪ ಬಾಜೂಕ ಕುಂತಾರ."